ಸುಣ್ಣ ಬಳಿದ ಬೇಲಿ

ಒಂದು ಬೇಲಿಗಾಗಿ ನಾನು ಈ ವಯಸ್ಸಿನಲ್ಲೂ ಹಂಬಲಿಸುತ್ತೇನೆ ಎಂದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ, ಅವರೇನು ಕಂಡಿದ್ದಾರೆ! ಇಳಕಲ್ಲಿನಲ್ಲಿ ನಮ್ಮದು ಊರಿನ ಕಟ್ಟಕಡೆಯ ಮನೆ. ಅಲ್ಲಿಂದ ಮುಂದೆ ಹಳ್ಳ, ಹಳ್ಳ ದಾಟಿದರೆ ಗುಡೂರಿನ ದಾರಿ. ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ ಹೊಸ್ತಿಲು ದಾಟಿದ ಕೂಡಲೇ ಅಪ್ಪನ ಮಗ್ಗ. ಕಾಲು ಇಳಿಬಿಡಲು ತೋಡಿದ ಕುಣಿಯಲ್ಲಿ ಅವನು ಬೆಳಗ್ಗೆ ಕೂತನೆಂದರೆ ನಮಗೆ ಕಾಣುತ್ತಿದ್ದದ್ದು ಸೊಂಟದಿಂದ ಮೇಲಿನ ಅಪ್ಪ ಮಾತ್ರ. ತೀರಾ ಚಿಕ್ಕವಳಿದ್ದಾಗ ಅಪ್ಪ ಇರುವುದೇ ಅಷ್ಟು ಎಂದುಕೊಂಡಿದ್ದೆ. ಮಗ್ಗದ ಹಿಂದೆ ಅಡುಗೆಮನೆ, ಅಲ್ಲಿಂದ ಮಾಳಿಗೆಗೆ ಒಂದು ಏಣಿ. ಇಷ್ಟೇ ಮನೆ. ನಾವೆಲ್ಲ ನಿಜವಾಗಿ ಬಾಳಿದ್ದು ಅಂಗಳದಲ್ಲಿ. ಅಲ್ಲಿ ಅಪ್ಪ ಸೀರೆಯ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿದ್ದ. ಗಂಜಿಯ ವಾಸನೆಗೆ ಊರಿನ ಆಡುಗಳೆಲ್ಲ ನಮ್ಮ ಅಂಗಳಕ್ಕೇ ಬರಬೇಕು. ಒಂದು ಆಡು ನಾಲಗೆ ಚಾಚಿತೆಂದರೆ ಒಂದು ಸೀರೆಯ ನೂಲು ಹಾಳು. ಅದಕ್ಕೇ ಬೇಲಿ.

ಮುಳ್ಳಿನ ಬೇಲಿ ನಮಗೆ ಒಗ್ಗುವಂತಿರಲಿಲ್ಲ, ಗಾಳಿಗೆ ನೂಲು ಹಾರಿ ಮುಳ್ಳಿಗೆ ಸಿಕ್ಕರೆ ಮುಗಿಯಿತಲ್ಲ. ಹೀಗಾಗಿ ಜಾಲಿಯ ಗೂಟ, ಗೂಟದಿಂದ ಗೂಟಕ್ಕೆ ಬಿದಿರಿನ ಪಟ್ಟಿ, ಪುಂಡಿ ನಾರಿನ ಕಟ್ಟು. ಪ್ರತಿ ಬೇಸಿಗೆಯಲ್ಲಿ ಅದಕ್ಕೆ ಮದುಮಗಳ ಉಪಚಾರ. ಆಯಿ, ಅಂದರೆ ಅಪ್ಪನ ತಾಯಿ, ಅದರ ಯಜಮಾನಿ. ಒಡೆದ ಗಡಿಗೆಯ ಚೂರಿನಿಂದ ಹಳೆಯ ಬಣ್ಣ ಕೆರೆಯುವುದು ನನ್ನ ಮತ್ತು ಅಕ್ಕ ನೀಲವ್ವನ ಪಾಲಿಗೆ. ಹುಳು ತಿಂದ ಗೂಟಗಳನ್ನು ಕಿತ್ತು, ಹೊಸ ಗೂಟದ ಬುಡವನ್ನು ಒಲೆಯಲ್ಲಿ ಕರಕಲಾಗುವ ತನಕ ಸುಟ್ಟು ನೆಡುವುದು ಅಪ್ಪನ ಕೆಲಸ, ಸುಟ್ಟ ಬುಡಕ್ಕೆ ಗೆದ್ದಲು ಬಾಯಿ ಹಾಕುವುದಿಲ್ಲ. ಆಮೇಲೆ ಆಯಿ ಅಂಗಳದ ಮೂಲೆಯಲ್ಲಿ ಕಲ್ಲು ಹೂಡಿ ಕುಸುಬಿ ಎಣ್ಣೆ ಕುದಿಸಲು ಇಡುತ್ತಿದ್ದಳು. ಕುದಿದು ಕುದಿದು ಅದು ಅಂಟಿನ ಹಾಗೆ ಗಟ್ಟಿಯಾದರೆ ಅದೇ ರೋಗನ್ನು ಎಂಬ ಮೆರುಗೆಣ್ಣೆ. ಅದಕ್ಕೆ ಬಾದಾಮಿ ಗುಡ್ಡದ ಕೆಂಪು ಕಾವಿಕಲ್ಲನ್ನು ತೇದು ಕಲಸಿ ಹಚ್ಚಿದರೆ ಎಂಥ ಮಳೆಯೂ ಕಟ್ಟಿಗೆಗೆ ಇಳಿಯುವುದಿಲ್ಲ. ಎಣ್ಣೆ ಕುದಿಯುವಾಗ ಮನೆಯೆಲ್ಲ ಹೊಗೆ, ಕಣ್ಣೆಲ್ಲ ನೀರು, ಅವ್ವನಿಗೂ ಆಯಿಗೂ ಜಗಳ. ಎಣ್ಣೆ ಇನ್ನೂ ತೆಳ್ಳಗಿದೆ ಎಂದು ಒಬ್ಬಳು, ಸೀದುಹೋಯಿತು ಎಂದು ಇನ್ನೊಬ್ಬಳು. ಅಕ್ಕ ಮಾತ್ರ ಹಾಡಿಕೊಳ್ಳುತ್ತ ಬಳಿಯುತ್ತಿದ್ದಳು. ಅವಳು ಬಳಿದ ಪಟ್ಟಿಯಲ್ಲಿ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಮನೆಯವರಿಗೆಲ್ಲ ಸಣ್ಣವ್ವ ಆಗಿದ್ದ ನಾನು ಬಳಿದದ್ದನ್ನು ಆಯಿ ಬೈಯುತ್ತಲೇ ಮತ್ತೆ ಬಳಿಯುತ್ತಿದ್ದಳು. ಆ ಎಣ್ಣೆಯ ವಾಸನೆಯನ್ನು ಮತ್ತೊಮ್ಮೆ ಮೂಗಿಗೆ ತುಂಬಿಕೊಳ್ಳಲು ಸಿಕ್ಕರೆ ಈಗ ಉಣ್ಣುತ್ತಿರುವ ತುತ್ತನ್ನು ಬಿಟ್ಟು ಏಳುತ್ತೇನೆ.

ಅಕ್ಕನನ್ನು ಗುಡೂರಿಗೆ ಕೊಟ್ಟರು. ಅವಳಿಲ್ಲದ ಬೇಸಿಗೆಯಲ್ಲಿ ಅಪ್ಪ ಬೇಲಿಯ ಕಡೆ ಅಷ್ಟಾಗಿ ಮನಸ್ಸು ಕೊಡಲಿಲ್ಲ. ಅದೇ ತಪ್ಪಾಯಿತು. ಅಕ್ಕನ ಮಾವ, ನಮ್ಮ ಬೀಗರು, ದೊಡ್ಡ ಮೈಯಿನ ಮನುಷ್ಯ, ದೊಡ್ಡ ದನಿ, ಬಿಳಿ ಧೋತರ. ಒಮ್ಮೆ ಮನೆಗೆ ಬಂದವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಉಗುಳಲೆಂದು ಬೇಲಿಗೆ ಆನಿಕೊಂಡು ಬಾಗಿದರು. ಗೂಟದ ಬುಡ ಟೊಳ್ಳಾಗಿತ್ತು. ಬೇಲಿಯ ಸಮೇತ ಬೀಗರು ಬೀದಿಗೆ ಬಿದ್ದರು. ಆಚೆ ನಮ್ಮದೇ ಬಚ್ಚಲಿನ ರಾಡಿ. ಓಣಿಯ ಜನವೆಲ್ಲ ನೋಡಿತು. ಅಪ್ಪ ಓಡಿಹೋಗಿ ಎತ್ತಿ ನಿಲ್ಲಿಸಿ, ಕೈಮುಗಿದು ನಿಂತ. ಅಷ್ಟರಲ್ಲೇ ಮುಗಿಯುತ್ತಿತ್ತೇನೋ. ಆದರೆ ನಮ್ಮ ಆಯಿಯ ಬಾಯಿ ಸುಮ್ಮನಿರಬೇಕಲ್ಲ!

“ಬೇಲಿ ಏನ್ ಮಾಡೀತ್ರಿ ಬೀಗ್ರ, ಅದು ಆಡು ತಡಿಯಾಕ ಕಟ್ಟಿದ್ದು. ಎಮ್ಮಿ ಬಂದು ಆನಿಕೊಂಡ್ರ ಅದರ ತಪ್ಪೇನ್ರಿ?”

ಓಣಿಯವರು ನಕ್ಕರು. ಬೀಗರು ರಾಡಿಯ ಧೋತರವನ್ನು ಹಿಂಡುತ್ತ ಹೇಳಿದ ಮಾತು ನನಗೆ ಇನ್ನೂ ಕೇಳಿಸುತ್ತದೆ.

“ಬೇಲಿ ನೆಟ್ಟಗ ಇಟಗೊಳ್ಳಾಕ ಬರದವರು ಬೀಗತನ ಹೆಂಗ ಮಾಡ್ತೀರಿ? ಇನ್ನ ಮ್ಯಾಲೆ ನೀಲವ್ವ ಈ ಅಂಗಳಕ್ಕ ಕಾಲಿಡಂಗಿಲ್ಲ. ಬೇಲಿ ಗಟ್ಟಿ ಆದಾಗ ಹೇಳಿ ಕಳಸ್ರಿ, ನಾನ ಬಂದು ನೋಡ್ತೇನಿ.”

ಆ ವರ್ಷದ ಪಂಚಮಿಗೆ ಅಕ್ಕ ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಮಗಳು ತವರಿಗೆ ಬರಲಿಲ್ಲವೆಂದರೆ ಆ ಮನೆಯಲ್ಲಿ ಹಬ್ಬವೇ ಇಲ್ಲ. ಅವ್ವ ಉಂಡಿ ಕಟ್ಟಿದಳು, ಬೇವಿನ ಮರಕ್ಕೆ ಜೋಕಾಲಿ ಹಾಕಿಸಿದಳು, ಆಮೇಲೆ ಹೊಸ್ತಿಲ ಮೇಲೆ ಕೂತು ಹಳ್ಳದ ಕಡೆ ನೋಡುತ್ತ ಸಂಜೆ ಮಾಡಿದಳು. ಬೇಲಿಯನ್ನು ಸರಿಮಾಡಿ ಹೇಳಿಕಳಿಸೋಣ ಎನ್ನುವಷ್ಟರಲ್ಲಿ ಊರಿಗೆ ಪ್ಲೇಗು ಬಂತು. ಗಡ್ಡೆ ಬ್ಯಾನಿ ಎನ್ನುತ್ತಿದ್ದರು. ಮೊದಲು ಇಲಿಗಳು ಬಿದ್ದವು, ಆಮೇಲೆ ಮನುಷ್ಯರು. ಕಂಕುಳಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಎದ್ದರೆ ಮುಗಿಯಿತು. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿತು. ಸರಕಾರದವರು ಸಾವಾದ ಮನೆಗಳ ಬಾಗಿಲಿಗೆ ಕೆಂಪು ಗುರುತು ಹಾಕಿ ಹೋದರು. ನಾವು ಬೇನೆಯಿಲ್ಲದೆ ಉಳಿದೆವು, ಗುಡಿಸಲಿನಲ್ಲೇ ಇನ್ನೊಂದು ಪಂಚಮಿ ಕಳೆಯಿತು. ಅಪ್ಪ ಮಗ್ಗವಿಲ್ಲದೆ ಕೈ ಹಿಸುಕಿಕೊಳ್ಳುತ್ತ ಕೂರುತ್ತಿದ್ದ. ಅವ್ವನ ಬಾಯಲ್ಲಿ ಒಂದೇ ಮಾತು, ಗುಡೂರಿಗೂ ಬೇನೆ ಬಂದಿದೆಯಂತೆ, ನೀಲವ್ವ ಹೇಗಿದ್ದಾಳೋ. ಊರಿಗೆ ಮರಳಿದ ಮೇಲೆ ಅವ್ವ ಒಲೆ ಹೊತ್ತಿಸುವ ಮೊದಲೇ ಅಪ್ಪನನ್ನು ತಡೆದು ನಿಲ್ಲಿಸಿ ಹೇಳಿದಳು.

“ನೀವು ಮಗ್ಗಕ್ಕ ಆಮ್ಯಾಲೆ ಕುಂದರ್ರಿ. ಮೊದಲ ಬೇಲಿ ಮಾಡ್ರಿ. ಈ ಪಂಚಮಿಗೆ ನನ ಮಗಳು ಬರಬೇಕು.”

ಗೆದ್ದಲು ಬೇಲಿಯನ್ನು ಹಿಟ್ಟು ಮಾಡಿಬಿಟ್ಟಿತ್ತು. ಅಪ್ಪ ಹೊಸ ಜಾಲಿ ಗೂಟ ತಂದು, ಬುಡ ಸುಟ್ಟು, ಬಂಡಿಯ ಕೀಲೆಣ್ಣೆ ಬಳಿದು, ಮೊಣಕಾಲಿನ ಆಳಕ್ಕೆ ನೆಟ್ಟ. ನೆಟ್ಟ ಮೇಲೆ ಒಂದೊಂದಕ್ಕೂ ಬೆನ್ನು ಕೊಟ್ಟು, ಕಾಲು ಊರಿ, ಮುಖ ಕೆಂಪಗಾಗುವ ತನಕ ದೂಡಿದ. ಆಯಿಯನ್ನು ಕರೆದು ನೀನೂ ಆನಿಕೋ ಎಂದ. ಆಯಿ ಆನಿಕೊಂಡು ನೋಡಿ, ಈಗ ಎಮ್ಮೆ ಬರಲಿ ಎಂದಳು. ಅವ್ವ ದುರುಗುಟ್ಟಿ ನೋಡಿದ್ದಕ್ಕೆ ಬಾಯಿ ಮುಚ್ಚಿಕೊಂಡಳು. ಗುಡೂರಿಗೆ ಸುದ್ದಿ ಹೋಯಿತು. ಉತ್ತರ ಬಂದದ್ದು ಪಂಚಮಿಯ ಹೊಸ್ತಿಲಲ್ಲಿ. ಬೀಗರು ತಾವೇ ಸೊಸೆಯನ್ನು ಕರೆದುಕೊಂಡು ಬರುತ್ತಾರೆ, ಬೇಲಿ ನೋಡುತ್ತಾರೆ, ಸರಿಯಿದ್ದರೆ ಬಿಟ್ಟುಹೋಗುತ್ತಾರೆ. ಅಯ್ಯೋ ಶಿವನೇ, ಬೇಲಿಗೆ ಇನ್ನೂ ಬಣ್ಣವೇ ಆಗಿರಲಿಲ್ಲ! ಶ್ರಾವಣದ ತೇವದಲ್ಲಿ ರೋಗನ್ನು ಒಣಗುವುದಿಲ್ಲ, ಮುಟ್ಟಿದವರ ಬಟ್ಟೆಗೆಲ್ಲ ಹತ್ತುತ್ತದೆ. ಬೀಗರ ಧೋತರಕ್ಕೆ ಮತ್ತೆ ಕಲೆಯಾದರೆ ಕತೆ ಮುಗಿದಂತೆಯೇ. ಬರೀ ಕಾವಿಯನ್ನಾದರೂ ನೀರಲ್ಲಿ ಕಲಸಿ ಬಳಿಯೋಣ ಎಂದು ಅಪ್ಪ ಎಂದ. ಆಯಿ ಒಪ್ಪಲಿಲ್ಲ.

“ಕೆಂಪ ಬ್ಯಾಡ. ಬಾಗಲ ಮ್ಯಾಲಿನ ಆ ಕೆಂಪ ಗುರ್ತು ನೋಡಿ ನೋಡಿ ನನ್ನ ಕಣ್ಣ ಉರದಾವು. ಬೆಳ್ಳಗ ಸುಣ್ಣಾ ಹಚ್ರಿ. ಹಾಲಿನಂಥಾ ಬೇಲಿ ನೋಡಿ ಹುಡುಗಿ ಒಳಗ ಬರ್ಲಿ.”

ಎಲ್ಲರಿಗೂ ಸರಿ ಎನ್ನಿಸಿತು. ಸುಣ್ಣದ ನೀರಿಗೆ ಜಾಲಿಯ ಅಂಟು ಹಾಕಿ ಕಲಸಿ, ಪುಂಡಿ ನಾರಿನ ಕುಂಚದಿಂದ ನಾವೆಲ್ಲ ಬಳಿದೆವು. ಅಪ್ಪನ ಮೀಸೆ ಬೆಳ್ಳಗಾಯಿತು. ಸುಣ್ಣ ಒಣಗಿದಾಗ ಬೇಲಿ ಹಳ್ಳದಾಚೆಯಿಂದಲೂ ಕಣ್ಣು ಕುಕ್ಕುವ ಹಾಗಾಯಿತು. ಅವ್ವ ಹತ್ತು ಸಲ ಹೊರಗೆ ಬಂದು ನೋಡಿ ಹತ್ತು ಸಲ ಒಳಗೆ ಹೋದಳು.

ಬಂಡಿ ಬಂತು. ನಾನು ಮಾಳಿಗೆಯ ಮೇಲಿದ್ದೆ, ಮೊದಲು ಕಂಡವಳು ನಾನೇ. ಅಕ್ಕನ ಗಂಡ, ಅಂದರೆ ಮಾಮಾ, ಎತ್ತು ಹೊಡೆಯುತ್ತಿದ್ದ. ಅವನ ಹಿಂದೆ ಬೀಗರ ರುಮಾಲು, ಅದರ ಹಿಂದೆ ಅಕ್ಕನ ಸೀರೆ. ಬಂಡಿ ಹಳ್ಳದ ಆಚೆ ದಂಡೆಗೆ ಬಂದು ನಿಂತಿತು. ಬೀಗರು ಎದ್ದು ನಿಂತು ನಮ್ಮ ಮನೆಯ ಕಡೆ ಕೈ ಮಾಡಿದರು. ಆಮೇಲೆ ಏನೋ ಕೂಗಾಟ. ನೋಡನೋಡುತ್ತಿದ್ದಂತೆ ಬಂಡಿ ತಿರುಗತೊಡಗಿತು. ನಾನು ಕೆಳಗೆ ಬಗ್ಗಿ ಅವ್ವಾ ಎಂದು ಕಿರುಚಿದೆ. ತಿರುಗುವ ಬಂಡಿಯಿಂದ ಅಕ್ಕ ಹಾರಿದಳು. ಬಿದ್ದಳು, ಎದ್ದಳು, ಹಳ್ಳದ ನೀರಲ್ಲೇ ಸೆರಗು ಎಳೆದುಕೊಂಡು ನಮ್ಮ ಮನೆಯ ಕಡೆ ಓಡಿ ಬಂದಳು. ಬೇಲಿಯ ಬಾಗಿಲಿಗೆ ಬರುವಷ್ಟರಲ್ಲಿ ಅವಳಿಗೆ ಉಸಿರೇ ಇರಲಿಲ್ಲ.

“ಯಾರು ಹೋದ್ರಬೇ? ಯಾರು ಹೋದ್ರು? ಆಯಿ ಎಲ್ಲಿ? ಸಣ್ಣವ್ವ ಎಲ್ಲಿ?”

“ಎಲ್ಲಾರೂ ಇಲ್ಲೇ ಅದೀವಲ್ಲ ನನ ಕಂದಾ. ಯಾರಿಗೇನಾಗೈತಿ?”

“ಮತ್ತ ಬೇಲಿಗೆ ಸುಣ್ಣಾ ಯಾಕ ಬಳದೈತಿ? ಸರಕಾರದವರು ಬಂದಿದ್ರಲ್ಲ?”

ಆಗ ತಿಳಿಯಿತು. ನಮ್ಮೂರಲ್ಲಿ ಕೆಂಪು ಗುರುತು, ಗುಡೂರಿನಲ್ಲಿ ಸುಣ್ಣ. ಅಲ್ಲಿ ಗಡ್ಡೆ ಬ್ಯಾನಿ ಹೊಕ್ಕ ಮನೆಗಳ ಗೋಡೆ, ಬೇಲಿ, ಕೊಟ್ಟಿಗೆಗೆಲ್ಲ ಸರಕಾರದವರು ಸುಣ್ಣ ಬಳಿದು ಹೋಗಿದ್ದರು. ಹಬ್ಬಕ್ಕೆಂದು ನಾವು ಬಳಿದದ್ದು ಅವರ ಕಣ್ಣಿಗೆ ಹೆಣದ ಮನೆಯಾಗಿ ಕಂಡಿತ್ತು. ಅವ್ವ ಎಷ್ಟು ಹೇಳಿದರೂ ಅಕ್ಕ ನಂಬಲಿಲ್ಲ. ಆಯಿಯ ಕುತ್ತಿಗೆ ಒತ್ತಿ ನೋಡಿದಳು, ಅಪ್ಪನ ಹಣೆ ಮುಟ್ಟಿದಳು, ಏಣಿ ಇಳಿದು ಬಂದ ನನ್ನನ್ನು ಹಿಡಿದೆಳೆದು ಎರಡೂ ಕಂಕುಳಲ್ಲಿ ಕೈ ಹಾಕಿ ಗಡ್ಡೆ ಹುಡುಕಿದಳು. ನನಗೆ ಕಚಗುಳಿಯಾಗಿ ಕಿಲಕಿಲ ನಕ್ಕುಬಿಟ್ಟೆ. ಅಕ್ಕ ನನ್ನ ಕಪಾಳಕ್ಕೆ ಒಂದು ಬಿಟ್ಟು, ಅಲ್ಲೇ ಕುಸಿದು ಕೂತು, ನನ್ನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಆ ಏಟಿನಷ್ಟು ಪ್ರೀತಿಯ ಏಟನ್ನು ನಾನು ಮುಂದೆ ಯಾರ ಕೈಯಿಂದಲೂ ತಿನ್ನಲಿಲ್ಲ.

ಆಮೇಲೆ ಅಪ್ಪ ಬಂಡಿಯ ಹಿಂದೆ ಓಡಿದ. ಬೀಗರು ದೂರದಿಂದಲೇ, ಅಲ್ಲೇ ನಿಲ್ಲು, ಹತ್ತಿರ ಬರಬೇಡ ಎಂದು ಕೂಗಿದರಂತೆ. ಬೇನೆಯಿಲ್ಲ ಎಂದು ಅಪ್ಪ ಆಣೆಯಿಟ್ಟರೆ ಇನ್ನೂ ದೂರ ಸರಿದರಂತೆ. ಆಗೆಲ್ಲ ಬೇನೆಯನ್ನು ಮುಚ್ಚಿಡುವುದೇ ರೂಢಿ, ಸರಕಾರದವರು ಎಳೆದೊಯ್ಯುತ್ತಾರೆಂಬ ಭಯ. ಹೀಗಾಗಿ ಇಲ್ಲ ಎಂದಷ್ಟೂ ಇದೆ ಎಂದೇ ಜನ ತಿಳಿಯುತ್ತಿದ್ದರು. ಆ ಮನೆ ಹೊಕ್ಕವಳು ಅಲ್ಲೇ ಇರಲಿ, ಸುಣ್ಣ ಹೋದ ಮೇಲೆ ನೋಡೋಣ ಎಂದು ಹೇಳಿ ಬೀಗರು ಹೋದರು. ಮಾಮಾ ಎತ್ತು ಹೊಡೆದನೇ ಹೊರತು ಒಂದು ಮಾತೂ ಆಡಲಿಲ್ಲವಂತೆ. ಅಕ್ಕ ಇದನ್ನು ಕೇಳಿ ಮೂಗು ಒರೆಸಿಕೊಂಡಳು.

“ಹೋಗ್ಲಿ ಬಿಡು. ಅವರಪ್ಪ ಅಂದದ್ದಕ್ಕ ಹೂಂ ಅನ್ನಾಕ ಹುಟ್ಟಿದ ಗಂಡಸು. ತಿರುಗಿ ಸೈತ ನೋಡಲಿಲ್ಲ.”

ಹಾಗೆ ಅಕ್ಕ ನಮಗೆ ಸಿಕ್ಕಳು. ಉಳಿದ ಹೆಣ್ಣುಮಕ್ಕಳು ಪಂಚಮಿ ಮುಗಿಸಿ ಉಂಡಿಯ ಗಂಟು ಕಟ್ಟಿಕೊಂಡು ಗಂಡನ ಮನೆಗೆ ಹೋದರು, ನಮ್ಮ ಅಕ್ಕ ಹೋಗಲಿಲ್ಲ. ಬೆಳಗ್ಗೆ ಬಿಸಿಲು ಬರುವ ತನಕ ಮಲಗುತ್ತಿದ್ದಳು, ಯಾರೂ ಎಬ್ಬಿಸುತ್ತಿರಲಿಲ್ಲ. ಅವಳ ತಲೆ ಬಾಚಲು ಅವ್ವನಿಗೂ ನನಗೂ ಪೈಪೋಟಿ. ಅವ್ವ ರೊಟ್ಟಿ ಬಡಿಯುವಾಗ ಮೊದಲ ಬಿಸಿ ರೊಟ್ಟಿ ಅಕ್ಕನಿಗೆ, ಬೆಣ್ಣೆ ಹಚ್ಚಿ, ಕಾರೇಳ ಚಟ್ನಿ ಉದುರಿಸಿ. ಅದರಲ್ಲಿ ಅರ್ಧ ಮುರಿದು ಅವಳು ನನಗೆ ಕೊಡುತ್ತಿದ್ದಳು. ಮಧ್ಯಾಹ್ನ ಜೋಕಾಲಿ. ಅವಳು ನಿಂತು ಜೀಕುತ್ತಿದ್ದಳು, ನಾನು ಅವಳ ಕಾಲ ನಡುವೆ ಕೂರುತ್ತಿದ್ದೆ, ಆಯಿ ಕೆಳಗಿನಿಂದ ಕೈಕಾಲು ಮುರಿದುಕೊಳ್ಳಿರೇ ಎಂದು ಹರಸುತ್ತಿದ್ದಳು. ಅಪ್ಪ ಕೂಡ ಮಗ್ಗದಲ್ಲಿ ಕೂತು ಗುನುಗುತ್ತಿದ್ದ. ನಮ್ಮ ಮನೆಯಲ್ಲಿ ಅಷ್ಟು ನಗು ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ. ಒಬ್ಬರು ಒಂದು ಮನೆಗೆ ಎಷ್ಟು ಬೇಕಾಗಬಹುದು ಎಂಬುದನ್ನು ನಾನು ಕಲಿತದ್ದು ಆ ದಿನಗಳಲ್ಲಿ.

ಶ್ರಾವಣದ ಮಳೆಗೆ ಸುಣ್ಣ ಇಳಿಯತೊಡಗಿತು. ಪಟ್ಟಿಗಳ ನಡುವೆ ಬಿದಿರಿನ ಬಣ್ಣ ಇಣುಕಿತು. ಒಂದು ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾಗಿದ್ದಾಗ, ಅವ್ವ ಸುಣ್ಣದ ಗಡಿಗೆ ಹಿಡಿದು ಹೊರಗೆ ಹೋದದ್ದನ್ನು ನಾನು ಕಂಡೆ. ಗುಡೂರಿನ ಕಡೆಗೆ ಕಾಣುವ ಬೇಲಿಗೆ ಮಾತ್ರ ಬಳಿದಳು. ಮತ್ತೆ ಮಳೆ ಬಂದರೆ ಮತ್ತೆ ಬಳಿದಳು. ಅಪ್ಪನಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ಕುಣಿಯಲ್ಲಿ ಕೂತವನಿಗೆ ಬೇಕಾದ್ದು ಕಾಣುತ್ತಿತ್ತು, ಬೇಡವಾದದ್ದು ಕಾಣುತ್ತಿರಲಿಲ್ಲ. ಆಯಿ ಸುಣ್ಣಕ್ಕೆ ಅಂಟು ಕಡಿಮೆಯಾಗಿದೆ ಎಂದಷ್ಟೇ ಹೇಳಿದಳು. ಅಕ್ಕನಿಗೂ ಗೊತ್ತಿತ್ತು. ಬೆಳ್ಳಗಿನ ಬೇಲಿಯನ್ನು ನೋಡಿ, ಅವ್ವನ ಬೆಳ್ಳಗಿನ ಉಗುರುಗಳನ್ನು ನೋಡಿ, ಸುಮ್ಮನೆ ಜೋಕಾಲಿಗೆ ಹೋಗುತ್ತಿದ್ದಳು. ತಿರುಗಿ ನೋಡದ ಗಂಡನ ಮೇಲೆ ಅವಳಿಗೆ ಸಿಟ್ಟಿತ್ತಲ್ಲ.

ಮಳೆ ಹೊಳವಾಗಿ ಬಿಸಿಲು ಬಿದ್ದ ಮೇಲೆ ಒಂದು ಸಂತೆಯ ದಿನ ನಾನೂ ಅಕ್ಕನೂ ಮಾಳಿಗೆಯ ಮೇಲೆ ಜೋಳ ಹರವುತ್ತಿದ್ದೆವು. ಅಕ್ಕನ ಕೈ ನಿಂತುಹೋಯಿತು. ಹಳ್ಳದ ಆಚೆ ದಂಡೆಯಲ್ಲಿ ಒಂದು ಬಂಡಿ ನಿಂತಿತ್ತು. ಒಂದು ಎತ್ತು ಬಿಳಿ, ಇನ್ನೊಂದರ ಕೊಂಬು ಕೆಳಕ್ಕೆ ಬಾಗಿದ್ದು. ಅಂಥ ಜೋಡಿ ಸುತ್ತಲಿನ ಊರುಗಳಲ್ಲಿ ಇನ್ನೊಂದಿರಲಿಲ್ಲ. ಮಾಮಾ ಬಂಡಿಯಿಂದ ಇಳಿದು, ಕೈಯನ್ನು ಹುಬ್ಬಿಗೆ ಹಿಡಿದು ನಮ್ಮ ಬೇಲಿಯನ್ನು ನೋಡುತ್ತಿದ್ದ. ನೋಡಿದ, ನೋಡಿದ, ಕೊನೆಗೆ ಎತ್ತಿನ ಹಗ್ಗ ಹಿಡಿದು ಬಂಡಿ ತಿರುಗಿಸಿದ. ಅಕ್ಕ ಜೋಳವನ್ನು ಅಲ್ಲೇ ಬಿಟ್ಟು ಎದ್ದಳು. ಏಣಿ ಇಳಿದು ಹೊರಗೆ ಓಡಿದರೆ ಬೇಲಿಯ ಹತ್ತಿರ ಅವ್ವ ಕುಂಚ ಹಿಡಿದು ನಿಂತಿದ್ದಳು. ಅವಳೂ ಹಳ್ಳದ ಕಡೆಗೇ ನೋಡುತ್ತಿದ್ದಳು.

“ನಿನ್ನ ಅಳಿಯಾ ಎಂದಿನಿಂದ ಬರಾಕತ್ತಾನಬೇ?”

ಅವ್ವ ಕುಂಚವನ್ನು ಗಡಿಗೆಯಲ್ಲಿ ಅದ್ದಿದಳು, ತೆಗೆದಳು.

“ಪ್ರತಿ ಸಂತಿಗೆ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಹೋಗ್ತಿದ್ದಿ.”

“ನಾ ಸತ್ತೇನೋ ಬದಕೇನೋ ಅಂತ ನೋಡಾಕ ಬರ್ತಾರವ್ವ ಅವರು. ಬೆಳ್ಳಗ ಕಂಡು ಹೊಳ್ಳಿ ಹೋಗ್ತಾರ.”

“ನಾನೂ ಎರಡು ಪಂಚಮಿ ಹಿಂಗ ಹಳ್ಳಾ ನೋಡಕೋತ ಕುಂತಿದ್ನೆಲ್ಲ, ಆವಾಗ ನನಗ ಯಾರು ಬಂದು ಹೇಳಿದ್ರು?”

“ಅದಕ್ಕ? ನಿನಗಾದ ಸಂಕಟ ಅವರಿಗೂ ಆಗಬೇಕೇನು?”

ಜಗಳಕ್ಕೆ ನಿಂತರೆ ಆಯಿಯನ್ನೇ ಸೋಲಿಸುತ್ತಿದ್ದ ನನ್ನ ಅವ್ವ ಸುಣ್ಣದ ಕೈಯಿಂದಲೇ ಕಣ್ಣು ಒರೆಸಿಕೊಂಡಳು, ಸುಣ್ಣ ಕಣ್ಣಿಗೆ ಹೋಗಿ ಉರಿಯಿತು. ಅಕ್ಕ ಅವಳನ್ನು ಬಚ್ಚಲಿಗೆ ಕರೆದೊಯ್ದು ನೀರಿನಿಂದ ಕಣ್ಣು ತೊಳೆದು, ತನ್ನ ಸೆರಗಿನಿಂದ ಒತ್ತಿದಳು. ತುಂಬ ಹೊತ್ತು ಇಬ್ಬರೂ ಒಳಗೇ ಇದ್ದರು. ಹೊರಗೆ ಬಂದಾಗ ಅವ್ವ ಅಡುಗೆಮನೆಯ ಹುಣಸೆಹಣ್ಣನ್ನೆಲ್ಲ ನೆನೆಹಾಕಿದಳು.

ಹುಳಿಗೆ ಸುಣ್ಣ ಬಿಡುತ್ತದೆ. ಅಕ್ಕ ಹುಣಸೆಯ ನೀರು ಎರಚಿ ತಿಕ್ಕಿದಳು, ಅವ್ವ ಹಿಂದೆಯೇ ತಣ್ಣೀರು ಸುರಿದು ತೊಳೆದಳು. ನಾನು ಮೂಲೆಯಲ್ಲಿ ಕೂತು, ನಾನಂತೂ ತಿಕ್ಕುವುದಿಲ್ಲ ಎಂದು ಹಟ ಹಿಡಿದೆ, ಯಾರೂ ಬಲವಂತ ಮಾಡಲಿಲ್ಲ. ಬಿಸಿಲಿಗೆ ಬೇಲಿ ಒಣಗಿದ ಮೇಲೆ ಆಯಿ ಎಣ್ಣೆ ಕುದಿಸಿದಳು. ಬಣ್ಣ ಏನು ಹಾಕಲಿ ಎಂದು ಕೇಳಿದ್ದಕ್ಕೆ ಅಕ್ಕ, ಕೆಂಪೂ ಬೇಡ, ಬಿಳಿಯೂ ಬೇಡ, ಕಟ್ಟಿಗೆ ಕಟ್ಟಿಗೆಯ ಹಾಗೇ ಕಾಣಲಿ ಎಂದಳು. ಬರೀ ರೋಗನ್ನು ಬಳಿದರು. ಒಂದು ತುದಿಯಿಂದ ಅಕ್ಕ, ಇನ್ನೊಂದು ತುದಿಯಿಂದ ಅವ್ವ. ಅವ್ವ ಬಳಿದದ್ದು ಎಷ್ಟು ನಿಧಾನವೆಂದರೆ, ಒಂದೊಂದು ಪಟ್ಟಿಯನ್ನು ಮುಗಿಸಿ ಮತ್ತೆ ಅದನ್ನೇ ಮೊದಲಿನಿಂದ ಬಳಿಯುತ್ತಿದ್ದಳು. ಅಕ್ಕ ಅವಸರ ಮಾಡಲಿಲ್ಲ.

ಮುಂದಿನ ಸಂತೆಗೆ ಬಂಡಿ ಹಳ್ಳದ ದಂಡೆಯಲ್ಲಿ ನಿಲ್ಲಲಿಲ್ಲ, ನೀರಿಗಿಳಿದು ದಾಟಿ ಬಂತು. ಮಾಮಾ ಬೇಲಿಯ ಹೊರಗೆ ನಿಂತು ಒಬ್ಬೊಬ್ಬರನ್ನೇ ಕಣ್ಣಲ್ಲಿ ಎಣಿಸಿದ. ಎಲ್ಲರೂ ಇದ್ದೆವು. ಅಕ್ಕನನ್ನು ಕಂಡ ಮೇಲೆ ಆ ಮೀಸೆ ಹೊತ್ತ ಗಂಡಸು ಮಗುವಿನ ಹಾಗೆ ಮುಖ ಮುಚ್ಚಿಕೊಂಡ.

“ಅತ್ತೀ, ಎಲ್ಲಾರೂ ಆರಾಮ ಅದೀರೇನ್ರಿ?”

“ಅದೀವಪಾ. ಹೊರಗ ಯಾಕ ನಿಂತಿ, ಒಳಗ ಬಾ. ರೊಟ್ಟಿ ಬಿಸಿ ಅದಾವು.”

ಬಂಡಿ ಹೊರಟಾಗ ಅವ್ವ ಬೇಲಿಯ ತನಕ ಹೋದಳು, ಅದರಾಚೆ ಹೋಗಲಿಲ್ಲ. ಅಕ್ಕ ಚೆನ್ನಾಗಿ ಬಾಳಿದಳು, ಸುಳ್ಳು ಹೇಳಬಾರದು. ಪ್ರತಿ ಪಂಚಮಿಗೂ ಬಂದಳು, ಆಮೇಲೆ ಮಕ್ಕಳನ್ನು ಕಟ್ಟಿಕೊಂಡು ಬಂದಳು. ಬಂದವಳಿಗೆ ಅಲ್ಲಿ ಎಮ್ಮೆ ಹಿಂಡುವವರಿಲ್ಲ, ಮಾವನಿಗೆ ಹುಷಾರಿಲ್ಲ, ಉಂಡಿ ಬಾಯಲ್ಲಿರುವಾಗಲೇ ಹೊರಡುವ ಮಾತು. ಅವಳೂ ತೀರಿಹೋದಳು, ಅವ್ವನೂ ಹೋದಳು, ಆ ಮನೆಯೂ ನಮ್ಮದಲ್ಲ ಈಗ. ಈ ಕತೆ ಕೇಳಿದವರೆಲ್ಲ ಅಕ್ಕ ಮಾಡಿದ್ದು ಸರಿ ಎನ್ನುತ್ತಾರೆ, ನಾನೂ ತಲೆಯಾಡಿಸುತ್ತೇನೆ, ದೊಡ್ಡವರು ತಲೆಯಾಡಿಸಬೇಕಲ್ಲ. ಆದರೆ ಖರೆ ಹೇಳುತ್ತೇನೆ, ಅಂದೂ ಇಂದೂ ನಾನು ಅವ್ವನ ಕಡೆ. ಇನ್ನೊಂದು ಕೈ ಸುಣ್ಣ ಬಳಿದಿದ್ದರೆ ಅಕ್ಕ ದೀಪಾವಳಿಗೂ ನಮ್ಮಲ್ಲೇ ಇರುತ್ತಿದ್ದಳು.